ಬಿಟ್ಟ ಸ್ಥಳ

ಪೋರ್ತೊ ನಗರದ ಆಸ್ಪತ್ರೆ. ನೆಲಮಾಳಿಗೆ.
ಕಿಟಕಿಯೆಂದರೆ ಹಾದಿಹೋಕರ ಹಿಮ್ಮಡಿ ಕಾಣುವಷ್ಟು.
ಮೂವತ್ತೊಂದು ವರ್ಷ ಇಲ್ಲಿ ಗ್ರಾಸಿಯೆತ್
ಕಾಲಲ್ಲಿ ಕೇಳಿದಳು, ಕೈಯಲ್ಲಿ ಬರೆದಳು:
ಪೆಡಲಿನ ತುದಿ ಒತ್ತಿದರೆ ಡಾಕ್ಟರು ಮಾತಾಡುವರು,
ಬಿಟ್ಟರೆ ಬಾಯಿ ಮುಚ್ಚುವರು,
ಹಿಮ್ಮಡಿಯಿಂದ ತುಸು ಹಿಂದಕ್ಕೊತ್ತಿದರೆ
ಹೇಳಿದ್ದನ್ನೇ ಇನ್ನೊಮ್ಮೆ, ಬೇಸರವಿಲ್ಲದೆ.
ಇಂಥ ಗಂಡಸು ಮನೆಯಲ್ಲೂ ಒಬ್ಬನಿದ್ದಿದ್ದರೆ, ಎಂದು
ಕಾಫಿ ಹೊತ್ತಿಗೆ ಜುಲ್ಮೀರಾಳ ಜೊತೆ ನಗುವಳು.

ಹೋದ ಚಳಿಗಾಲ ಯಂತ್ರ ಬಂತು.
ಮೇಲೆ ಡಾಕ್ಟರು ಆಡುತ್ತಿದ್ದಂತೆ
ಕೆಳಗೆ ಪರದೆಯ ಮೇಲೆ ಇರುವೆಸಾಲು.
ಪೆಡಲನ್ನು ಒಬ್ಬ ಹುಡುಗ ವೈರು ಸುತ್ತಿ ಒಯ್ದ,
ಎರಡು ಕಡೆ ಸಹಿ ಹಾಕಿಸಿಕೊಂಡು.
ಈಗ ಅವಳದು ಕಳೆ ಕೀಳುವ ಕೆಲಸ.

ಯಂತ್ರದ ಕಿವಿಗಾದ ಎಡವಟ್ಟು ಆ ಭಾಷೆಯದು,
ಗಡಿ ದಾಟಿಸಿ ತರಲಾರೆ.
ನಮ್ಮಲ್ಲಾಗಿದ್ದರೆ ಹೀಗೆ ಅನ್ನಿ:
ಎಡ ಶಬ್ದಕೋಶದಲ್ಲಿ ನೀರು ತುಂಬಿದೆ.
ತೊಡೆಯ ಮಳೆ ಎರಡು ಕಡೆ ಮುರಿದಿದೆ.
ಸಣ್ಣ ಇರುಳಿನಲ್ಲಿ ಅಡಚಣೆ, ತುರ್ತು.
ಅವಳು ತಿದ್ದುತ್ತಾಳೆ: ಶ್ವಾಸಕೋಶ, ಮೂಳೆ, ಕರುಳು.
ತಿದ್ದುವ ಮುನ್ನ, ಯಾರಿಗೂ ತಿಳಿಯದಂತೆ,
ಹಳೆಯ ಡೈರಿಯ ಹಿಂಬದಿಗೆ ಇಳಿಸಿಕೊಳ್ಳುತ್ತಾಳೆ.
ಸಣ್ಣ ಇರುಳಿನ ಪಕ್ಕ ಒಂದು ನಕ್ಷತ್ರ.

ಯಂತ್ರಕ್ಕೆ ಮಡಿ ಹೆಚ್ಚು.
ಅಂ, ಅದು, ಅಂದರೆ, ಎಲ್ಲ ಗುಡಿಸಿಹಾಕುತ್ತದೆ.
ಅಸೋರ್ಸ್ ದ್ವೀಪದ ಹೊಸ ಹುಡುಗಿ
ಮಾತಿನ ನಡುವೆ ಸೇಬು ಕಚ್ಚುವುದು,
ನರ್ಸಿಗೆ ಬೈದದ್ದು, ಉಗುಳು ನುಂಗಿದ್ದು,
ಯಾವುದೂ ಇಲ್ಲ.
ಅವಳಿಗೋ ಡಾಕ್ಟರ್ ಸಿಯಾಬ್ರಾ ಪರಿಚಯವೇ ಕೆಮ್ಮಿನಿಂದ.
'ಗಡ್ಡೆ' ಎನ್ನುವ ಮೊದಲು ಒಂದು ಸಣ್ಣ ಕೆಮ್ಮು, ಸದಾ,
ಬಾಗಿಲು ತಟ್ಟಿ ಒಳಬರುವವರ ಹಾಗೆ.
ವರ್ಷಕ್ಕೊಮ್ಮೆ, ಮಾರ್ಚ್ ಹದಿನಾಲ್ಕಕ್ಕೆ, ಕೆಳಗಿಳಿದು ಬರುವರು
ಕಾಗದ ಸುತ್ತಿದ ಹಳದಿ ಕೇಕು ಹಿಡಿದು:
'ಇನ್ನೊಂದು ವರ್ಷ ಮುದುಕನಾದೆ, ತಿನ್ನಿ.'

ಹೋದ ಬುಧವಾರ, ಸಂಜೆ ಏಳು ದಾಟಿದ ಮೇಲಿನ ಕಡತ.
ಹೆಸರಿಲ್ಲ, ಸಂಖ್ಯೆ. ಗಂಡಸು, ಅರವತ್ತೆರಡು.
ಮೂರೇ ವಾಕ್ಯ. ಒಂದಕ್ಷರ ತಪ್ಪಿಲ್ಲ.
ತಪ್ಪಿಲ್ಲದಿದ್ದರೆ ಧ್ವನಿ ಕೇಳಬೇಕಿಲ್ಲ ಎಂದು ನಿಯಮ.
ಹುಟ್ಟಿದ ದಿನದ ಮೇಲೆ ಕಣ್ಣು ನಿಂತಿತು.
ಇಯರ್‌ಫೋನ್ ಸಿಕ್ಕಿಸಿಕೊಂಡಳು.

'ಯಕೃತ್ತು ಸಹಜ.
ಎರಡೂ ಮೂತ್ರಪಿಂಡ ಸಹಜ.
ಮೇದೋಜೀರಕದ ತಲೆಯಲ್ಲಿ'


ಕುರ್ಚಿ ಕಿರುಗುಟ್ಟಿತು. ದೂರದಲ್ಲೊಂದು ಕಡಲಹಕ್ಕಿ.
ಒಂಬತ್ತು ಸೆಕೆಂಡು.


'ಗಡ್ಡೆ, ಮೂರೂವರೆ ಸೆಂಟಿಮೀಟರ್.'

ಕೆಮ್ಮಲಿಲ್ಲ.
ತನ್ನದೇ ಮನೆಗೆ ಯಾರು ಬಾಗಿಲು ತಟ್ಟುತ್ತಾರೆ.

ಪರದೆಯಲ್ಲಿ ತಲೆಯಲ್ಲಿ, ಗಡ್ಡೆ, ಎರಡೂ ಪದ
ಭುಜಕ್ಕೆ ಭುಜ ತಾಗಿಸಿ ನಿಂತಿವೆ,
ಬಸ್ಸಿನಲ್ಲಿ ಅಪರಿಚಿತರು ನಿಂತಂತೆ.
ಗ್ರಾಸಿಯೆತ್ ನಡುವೆ ಒಂದು ಸಾಲು ಬಿಟ್ಟಳು.
ಯಂತ್ರ ಮುಚ್ಚಿತು: ಹೆಚ್ಚುವರಿ ಜಾಗ.
ಮತ್ತೆ ಬಿಟ್ಟಳು. ಮತ್ತೆ ಮುಚ್ಚಿತು.
ಮೂರನೇ ಸಲ, ವಿನಯದಿಂದ, ಕೇಳಿತು:
ಇಲ್ಲಿ ಏನಾದರೂ ಬಿಟ್ಟುಹೋಗಿದೆಯೇ?
ಹೌದು, ಎಂದು ಒತ್ತಿದಳು.
ಬಿಟ್ಟ ಸ್ಥಳ ತುಂಬಿರಿ, ಎಂದಿತು.
ಕರ್ಸರು ಮಿಟುಕುತ್ತ ಕಾಯಿತು, ಪರೀಕ್ಷೆ ಕೋಣೆಯ ಮೇಷ್ಟರ ಹಾಗೆ.
ಹತ್ತು ಬೆರಳಿಗೂ ಏನೂ ಹೊಳೆಯಲಿಲ್ಲ.

ಗುರುವಾರ ಡಾಕ್ಟರು ಕೆಳಗಿಳಿದು ಬಂದರು.
ಮಾರ್ಚ್ ಅಲ್ಲ. ಕೈಯಲ್ಲಿ ಏನೂ ಇರಲಿಲ್ಲ.
'ನಿನ್ನೆ ಸಂಜೆಯದರಲ್ಲಿ ತಪ್ಪೇನಾದರೂ?'
'ಇಲ್ಲ ಡಾಕ್ಟ್ರೇ. ಒಂದೂ ಇಲ್ಲ.'
ತಲೆಯಾಡಿಸಿದರು. ಹೊರಡಲಿಲ್ಲ.
ಹೊರಗೆ ಯಾರದೋ ಹಿಮ್ಮಡಿಗಳು ಅವಸರದಲ್ಲಿ ದಾಟಿದವು.
ಮೇಜಿನ ಕೆಳಗೆ ಅವಳ ಕಾಲು
ಬರಿನೆಲವನ್ನು ಒತ್ತುತ್ತಿತ್ತು,
ಮೊದಲು ತುದಿಯಿಂದ,
ಆಮೇಲೆ ಹಿಮ್ಮಡಿಯಿಂದ, ಹಿಂದಕ್ಕೆ.